ಬೀಗರ ಬೀಗರು ನಮಗೇನಾಗಬೇಕು?

ಲಾಲ್‌ಬಾಗಿನ ಗಾಜಿನ ಮನೆಯ ಒಂದು ಕಪ್ಪು-ಬಿಳುಪು ಚಿತ್ರ, ಹಿಂದೆ ಬೆಳ್ಳಗಿನ ಆಕಾಶ. ಪ್ರತಿ ಚುಕ್ಕೆಯ ಹೊಳಪನ್ನು 20ರಷ್ಟು ಏರಿಸಬೇಕಿತ್ತು, ಅಷ್ಟೇ ಕೆಲಸ. ಪ್ರೋಗ್ರಾಂ ಓಡಿಸಿದರೆ ಬಂದದ್ದು ಮೈತುಂಬ ಉದ್ದುದ್ದ ಗೀಟುಗಳಿದ್ದ ಚಿತ್ರ: ಒಂದು ಗೀಟು ಬೆಳಗಿದೆ, ಪಕ್ಕದ್ದು ಇದ್ದಹಾಗೇ ಇದೆ. ಆಕಾಶದಲ್ಲಂತೂ ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆಗಳು. ಬೆಂಗಳೂರಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಎರಡು ದಿನ ತಿಂದ ತಪ್ಪು ಇದು. ನಾವು ಬರೆದ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ.

ಆದದ್ದು ಇಷ್ಟು. ಈಗಿನ ಪ್ರೊಸೆಸರ್‌ಗಳಲ್ಲಿ 128 ಬಿಟ್, ಅಂದರೆ 16 ಬೈಟ್ ಅಗಲದ ವೆಕ್ಟರ್ ರಿಜಿಸ್ಟರ್‌ಗಳಿರುತ್ತವೆ: ಲೆಕ್ಕ ಮಾಡುವಾಗ ಹಲವು ಸಂಖ್ಯೆಗಳನ್ನು ಸಾಲಾಗಿ ಇಟ್ಟುಕೊಳ್ಳುವ ಜಾಗಗಳು. ಇಂಟೆಲ್‌ನ ಪೆಂಟಿಯಂ 3ರಲ್ಲಿ ಇವು ಬಂದದ್ದು 1999ರಲ್ಲಿ. ಆ 16 ಬೈಟಿನ ಜಾಗದಲ್ಲಿ 16 ಪುಟ್ಟ ಸಂಖ್ಯೆಗಳನ್ನು ಕೂರಿಸಬಹುದು, ಇಲ್ಲವೇ ಎರಡೆರಡು ಬೈಟಿನ 8, ಇಲ್ಲವೇ ನಾಲ್ಕು ನಾಲ್ಕು ಬೈಟಿನ 4. ಒಂದೇ ಆದೇಶಕ್ಕೆ ಎಲ್ಲವೂ ಒಟ್ಟಿಗೆ ಕೂಡಿಕೊಳ್ಳುತ್ತವೆ. ಆದರೆ ಒಳಗಿನ ಗೋಡೆಗಳು ಎಲ್ಲಿವೆ ಎಂದು ರಿಜಿಸ್ಟರಿನಲ್ಲಿ ಎಲ್ಲೂ ಬರೆದಿರುವುದಿಲ್ಲ.

ನನ್ನ ಚಿತ್ರದಲ್ಲಿ ಚುಕ್ಕೆಗೊಂದು ಬೈಟ್. ನಾನು ಕರೆದದ್ದು ಎರಡು ಬೈಟಿನ ಸಂಖ್ಯೆಗಳನ್ನು ಕೂಡುವ ಫಂಕ್ಷನ್ನು. ಅದು ಎರಡು ಚುಕ್ಕೆಗಳನ್ನು ಸೇರಿಸಿ ಒಂದು ಸಂಖ್ಯೆ ಎಂದುಕೊಂಡು, ಕೆಳಗಿನ ಬೈಟಿಗೆ ಮಾತ್ರ 20 ಸೇರಿಸಿತು. ಹಾಗಾಗಿ ಗೀಟು. ಇನ್ನು ಆಕಾಶದ ಚುಕ್ಕೆ: 250ಕ್ಕೆ 20 ಕೂಡಿದರೆ 270. ಒಂದು ಬೈಟಿನಲ್ಲಿ ಹಿಡಿಸುವುದು 255ರವರೆಗೆ ಮಾತ್ರ. ಹಾಗಾಗಿ 14 ಉಳಿದು, ದಶಕ 1 ಪಕ್ಕದ ಚುಕ್ಕೆಗೆ ಹೋಯಿತು. 14 ಎಂದರೆ ಹೆಚ್ಚುಕಡಿಮೆ ಕಪ್ಪೇ.

ಇದನ್ನು ಕಂಪೈಲರ್ ತಡೆಯಬೇಕಿತ್ತಲ್ಲ? ಟೈಪ್ ಎಂದರೆ ಒಂದು ಮೌಲ್ಯ ಯಾವ ಬಗೆಯದು, ಅದರ ಬಿಟ್‌ಗಳನ್ನು ಹೇಗೆ ಓದಬೇಕು ಎಂಬ ಗುರುತು. ಟೈಪ್‌ಗಳ ವಿಷಯದಲ್ಲಿ ಕಂಪೈಲರ್ ಕೇಳುವ ಪ್ರಶ್ನೆಗಳು ಎರಡು. ಇವೆರಡೂ ಒಂದೇ ಟೈಪೇ? ಒಂದೇ ಅಲ್ಲದಿದ್ದರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯುತ್ತದೆಯೇ? ಮೊದಲನೆಯದು ಸಮಾನತೆ, ಎರಡನೆಯದು ಹೊಂದಾಣಿಕೆ. ಸಿ ಭಾಷೆಯಲ್ಲಿ ಇರುವ ಟೈಪಿಗೇ ಟೈಪ್‌ಡೆಫ್ ಹಾಕಿ ಕೊಡುವ ಹೊಸ ಹೆಸರು ಸಮಾನತೆಯ ಮಾತು. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ಪದ್ಮಾವತಿ, ಹುಡುಗಿ ಒಬ್ಬಳೇ.

ಹೊಂದಾಣಿಕೆಯ ಸ್ವಭಾವ ಬೇರೆ. ಅಣ್ಣನ ಅಕ್ಕ ನನಗೂ ಅಕ್ಕನೇ, ಆದರೆ ಬೀಗರ ಬೀಗರು ನಮಗೆ ಬೀಗರಲ್ಲ. ಸಿ ಭಾಷೆಯಲ್ಲಿ ಉದ್ದ ಹೇಳದೆ ಬಿಟ್ಟ ಅರೇ (ಒಂದೇ ಬಗೆಯ ಅಂಶಗಳ ಸಾಲು) 3 ಅಂಶಗಳ ಅರೇ ಜೊತೆಗೂ ಹೊಂದುತ್ತದೆ, 4 ಅಂಶಗಳದ್ದರ ಜೊತೆಗೂ ಹೊಂದುತ್ತದೆ. ಹಾಗೆಂದು 3ರದ್ದು 4ರದ್ದರ ಜೊತೆ ಹೊಂದುವುದಿಲ್ಲ. ಸಮಾನತೆ ಸಾಲುಸಾಲಾಗಿ ದಾಟಿಕೊಂಡು ಹೋಗುತ್ತದೆ, ಹೊಂದಾಣಿಕೆಯನ್ನು ಪ್ರತಿ ಜೋಡಿಗೂ ಹೊಸದಾಗಿ ಕೇಳಬೇಕು. ಇವೆರಡನ್ನು ಬೆರೆಸಿದ ಕಡೆಯೆಲ್ಲ ಕಂಪೈಲರ್‌ಗಳು ಎಡವುತ್ತವೆ ಎಂಬುದು ನನ್ನ ಅನುಭವ.

ಒಳ್ಳೆಯ ಹೊಂದಾಣಿಕೆಯೂ ಇದೆ. ಜಿಸಿಸಿ, ಕ್ಲ್ಯಾಂಗ್ ಎರಡೂ ಸಿ ಭಾಷೆಯ ಕಂಪೈಲರ್‌ಗಳು. ಪವರ್‌ಪಿಸಿ ಪ್ರೊಸೆಸರಿನ ಆಲ್ಟಿವೆಕ್ ಎಂಬ ಬಗೆಯ ವೆಕ್ಟರ್ ಮತ್ತು ಜಿಸಿಸಿ ಶೈಲಿಯಲ್ಲಿ ಬರೆದ ವೆಕ್ಟರ್, ಎರಡರಲ್ಲೂ ನಾಲ್ಕು ಪೂರ್ಣಾಂಕಗಳಿದ್ದರೆ, ಕ್ಲ್ಯಾಂಗ್ ಅವನ್ನು ಬೇರೆ ಬೇರೆ ಟೈಪ್ ಎಂದೇ ನೆನಪಿಟ್ಟುಕೊಂಡು, ಒಂದನ್ನು ಇನ್ನೊಂದಕ್ಕೆ ಕೊಡಲು ಬಿಡುತ್ತದೆ. ಒಳಗೋಡೆಗಳು ಒಂದೇ ಕಡೆ ಇರುವುದರಿಂದ ಯಾವ ನಷ್ಟವೂ ಇಲ್ಲ.

ನನ್ನ ಕೋಡಿನಲ್ಲಿ ನಡೆದದ್ದು ಹಾಗಲ್ಲ. ಅದು ಬರೆದದ್ದು ಆರ್ಮ್ ಪ್ರೊಸೆಸರಿಗೆ; ಅದರ ವೆಕ್ಟರ್ ಆದೇಶಗಳಾದ ನಿಯಾನ್‌ನಲ್ಲಿ 16 ಬೈಟುಗಳ ವೆಕ್ಟರಿಗೂ 8 ಸಂಖ್ಯೆಗಳ ವೆಕ್ಟರಿಗೂ ಬೇರೆ ಬೇರೆ ಟೈಪ್ ಇದೆ, ತಪ್ಪಿದರೆ ಜಿಸಿಸಿ ತಡೆಯುತ್ತದೆ. ಆದರೆ ತಡೆದ ಉಸಿರಿನಲ್ಲೇ, ಬೇಕಿದ್ದರೆ ‘ಲ್ಯಾಕ್ಸ್ ವೆಕ್ಟರ್ ಕನ್ವರ್ಷನ್ಸ್’ ಎಂಬ ಸಡಿಲ ಆಯ್ಕೆ ಬಳಸಿ ಎಂದೂ ಹೇಳುತ್ತದೆ. ಕೋಡನ್ನು ಹೇಗೆ ಕಂಪೈಲ್ ಮಾಡಬೇಕೆಂದು ಬರೆದಿಡುವ ನಮ್ಮ ಮೇಕ್‌ಫೈಲ್‌ನಲ್ಲಿ ಹಿಂದೆ ಯಾರೋ ಅದನ್ನು ಸೇರಿಸಿದ್ದರು. ಅದಿದ್ದರೆ ಅಳತೆ ಒಂದೇ ಆಗಿದ್ದರೆ ಸಾಕು, ಒಳಗೋಡೆಗಳನ್ನು ಯಾರೂ ಕೇಳುವುದಿಲ್ಲ. ಹೊಸ ಕೋಡಿನಲ್ಲಿ ಇದನ್ನು ಬಳಸಬಾರದೆಂದು ಜಿಸಿಸಿಯ ಕೈಪಿಡಿಯೇ ಹೇಳುತ್ತದೆ.

ಇಂಟೆಲ್ ಕಡೆ 128 ಬಿಟ್‌ನ ಪೂರ್ಣಾಂಕ ವೆಕ್ಟರ್‌ಗಳಿಗೆಲ್ಲ ಒಂದೇ ಟೈಪ್. ಗೋಡೆ ಎಲ್ಲಿದೆ ಎಂಬುದು ಫಂಕ್ಷನ್ನಿನ ಹೆಸರಿನಲ್ಲಿ ಮಾತ್ರ ಇರುತ್ತದೆ. ನನ್ನ ತಪ್ಪು ಅಲ್ಲಿ ನಡೆದಿದ್ದರೆ ಟೈಪ್ ಪರೀಕ್ಷೆಗೆ ಸಿಗುತ್ತಲೇ ಇರಲಿಲ್ಲ. ಬರೆಯುವುದು ಹಗುರ, ನಿಜ. ಆದರೂ ನನ್ನ ಮತ ನಿಯಾನ್‌ಗೇ.

ಬೇಕೆಂದೇ ಟೈಪ್ ಬದಲಿಸುವಾಗಲೂ ಎರಡು ದಾರಿ. 1.0 ಎಂಬ 32 ಬಿಟ್‌ನ ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕವಾಗಿ ಪರಿವರ್ತಿಸಿದರೆ 1 ಸಿಗುತ್ತದೆ. ಅದೇ 32 ಬಿಟ್‌ಗಳನ್ನು ಮುಟ್ಟದೆ ಪೂರ್ಣಾಂಕವೆಂದು ಓದಿದರೆ 1065353216. ಸಡಿಲ ಆಯ್ಕೆ ಸದ್ದಿಲ್ಲದೆ ಮಾಡುವುದು ಈ ಎರಡನೆಯದನ್ನು. ಎಲ್‌ಎಲ್‌ವಿಎಂನ ಒಳಭಾಷೆಗೆ, ಅಂದರೆ ಯಂತ್ರದ ಆದೇಶಗಳಾಗುವ ಮೊದಲು ಕ್ಲ್ಯಾಂಗ್ ಕೋಡನ್ನು ಇಳಿಸುವ ನಡುವಿನ ರೂಪಕ್ಕೆ, ಇಳಿದ ಮೇಲಂತೂ ಪೂರ್ಣಾಂಕ ಋಣವಾಗಬಲ್ಲದೋ ಇಲ್ಲವೋ ಎಂಬ ಗುರುತೂ ಟೈಪಿನಲ್ಲಿ ಉಳಿಯುವುದಿಲ್ಲ. ಕೇಳುವುದಿದ್ದರೆ ಅದಕ್ಕೂ ಮೊದಲೇ, ಬಾಗಿಲಲ್ಲೇ ಕೇಳಬೇಕು.

ಆ ಆಯ್ಕೆಯನ್ನು ಅಳಿಸಿದೆ. ಪರದೆ ತುಂಬ ದೋಷಗಳು ಬಂದವು. ಒಂದೊಂದನ್ನೇ ಕೂತು ನೋಡಿದೆ. ಹೆಚ್ಚಿನವಕ್ಕೆ ‘ಬಿಟ್‌ಗಳನ್ನು ಹೀಗೆ ಓದು’ ಎಂದು ಬಾಯಿಬಿಟ್ಟು ಹೇಳಿದರೆ ಸಾಕಿತ್ತು. ಹೊಳಪಿನ ಸಾಲಿಗೆ ಬೈಟುಗಳನ್ನೇ ಕೂಡುವ, 255 ದಾಟಿದರೆ ಅಲ್ಲೇ ನಿಲ್ಲುವ ಫಂಕ್ಷನ್ ಹಾಕಿದೆ. ಲಾಲ್‌ಬಾಗಿನ ಆಕಾಶ ಮತ್ತೆ ಬೆಳ್ಳಗಾಯಿತು.