ಫೈನಲ್ ಯಾವ ತಿಂಗಳಲ್ಲಿದೆ ಎಂದು ಮೊದಲು ನೋಡಿ

ಫುಟ್‌ಬಾಲ್‌ನಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್ಬೂ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬೂ ಎದುರಾಗುವ ವಾರದಲ್ಲಿ ನನ್ನ ಕ್ಲಿನಿಕ್‌ಗೆ ಬರುವ ಹುಡುಗರು ಮೊಣಕಾಲಿನ ನೋವು ಹೇಳುವುದಕ್ಕೆ ಮೊದಲೇ ಕೇಳುತ್ತಾರೆ: 'ಯಾರು ಗೆಲ್ಲುತ್ತಾರೆ ಸರ್?' ನಾನು ಫಿಸಿಯೋಥೆರಪಿಸ್ಟ್. ಬೆಂಗಳೂರಿನ ಲೀಗ್ ಆಟಗಾರರ ಸ್ನಾಯು ಮತ್ತು ಕೀಲುಗಳೇ ನನ್ನ ಕಸುಬು; ಆಟದ ತಂತ್ರವನ್ನು ಬಲ್ಲವರು ಬೇರೆ ಇದ್ದಾರೆ. ಆದ್ದರಿಂದ ಯಾರು ಆಡುತ್ತಾರೆ ಎಂಬ ಪಟ್ಟಿಯನ್ನು ಬದಿಗಿಟ್ಟು, ಎರಡೂ ತಂಡಗಳು ಹಿಂದಿನ ಹದಿನೈದು ದಿನ ಎಲ್ಲೆಲ್ಲಿ ಆಡಿದವು, ಎಷ್ಟು ದೂರ ಹಾರಿದವು ಎಂದು ನೋಡುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬ್ರೆಜಿಲ್‌ನ ಬೊಟಾಫೊಗೊ ತಂಡದ 2024ರ ಕಥೆಯನ್ನೇ ತೆಗೆದುಕೊಳ್ಳಿ. ನವೆಂಬರ್ 30ರಂದು ಬ್ಯೂನಸ್ ಐರಿಸ್‌ನಲ್ಲಿ ಲಿಬರ್ಟಡೋರೆಸ್, ಅಂದರೆ ದಕ್ಷಿಣ ಅಮೆರಿಕದ ಕ್ಲಬ್ ಚಾಂಪಿಯನ್‌ಷಿಪ್‌ನ ಫೈನಲ್. ಮೊದಲ ನಿಮಿಷದಲ್ಲೇ ಅವರ ಒಬ್ಬ ಆಟಗಾರನಿಗೆ ರೆಡ್ ಕಾರ್ಡ್. ಉಳಿದ ಹತ್ತು ಮಂದಿಯೇ ಇಡೀ ಪಂದ್ಯ ಓಡಿ, ಅಟ್ಲೆಟಿಕೊ ಮಿನೇರೊ ತಂಡವನ್ನು 3-1ರಿಂದ ಸೋಲಿಸಿದರು. ಡಿಸೆಂಬರ್ 4ರಂದು ಪೋರ್ಟೊ ಅಲೆಗ್ರೆಯಲ್ಲಿ ಲೀಗ್ ಪಂದ್ಯ, ಅದರಲ್ಲೂ ಗೆಲುವು. ಡಿಸೆಂಬರ್ 8ರಂದು ರಿಯೊದಲ್ಲಿ ಸಾವೊ ಪಾಲೊ ವಿರುದ್ಧ ಗೆದ್ದು ಬ್ರೆಜಿಲ್ ಲೀಗ್ ಕಿರೀಟವನ್ನೂ ಧರಿಸಿದರು. ಸಂಭ್ರಮ ಮುಗಿಯುವ ಮೊದಲೇ ವಿಮಾನ ಹತ್ತಿ ದೋಹಾಕ್ಕೆ ಹೋದರು. ಡಿಸೆಂಬರ್ 11ರಂದು ಅಲ್ಲಿ, ಖಂಡಗಳ ಚಾಂಪಿಯನ್ ಕ್ಲಬ್‌ಗಳು ಆಡುವ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ, ಮೆಕ್ಸಿಕೊದ ಪಚೂಕಾ ಎದುರು 0-3 ಸೋಲು. ರಿಯಲ್ ಮ್ಯಾಡ್ರಿಡ್ ಜೊತೆಗಿನ ಫೈನಲ್‌ನ ಹತ್ತಿರಕ್ಕೂ ಹೋಗಲಾಗಲಿಲ್ಲ.

ಪಚೂಕಾ ಪಂದ್ಯದ ಮೊದಲಾರ್ಧ 0-0 ಇತ್ತು. ಮೂರು ಗೋಲುಗಳೂ ವಿರಾಮದ ನಂತರ ಬಂದವು. ತೊಂಬತ್ತು ನಿಮಿಷ ಓಡಿದ ಆಟಗಾರನ ಸ್ನಾಯುಗಳಲ್ಲಿ ಖಾಲಿಯಾದ ಗ್ಲೈಕೋಜನ್ (ಸ್ನಾಯುಗಳು ಕೂಡಿಟ್ಟ ಇಂಧನ) ಮತ್ತೆ ತುಂಬಲು ಸುಮಾರು 48ರಿಂದ 72 ಗಂಟೆ ಬೇಕು, ಅದೂ ಚೆನ್ನಾಗಿ ಉಂಡು ಮಲಗಿದರೆ. ಇಲ್ಲಿ ಆ ಗಂಟೆಗಳಲ್ಲಿ ಒಂದು ಪಾಲು ವಿಮಾನದ ಸೀಟಿನಲ್ಲೇ ಕಳೆಯಿತು. ದಣಿದ ತಂಡವೊಂದು ಮೊದಲ ನಿಮಿಷದಿಂದಲೇ ದಣಿದಂತೆ ಕಾಣುವುದಿಲ್ಲ. ಚೆಂಡು ಕಾಲಲ್ಲಿದ್ದಾಗ ಎಲ್ಲರೂ ಸೊಗಸಾಗಿಯೇ ಆಡುತ್ತಾರೆ. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡಬೇಕಲ್ಲ, ಸಾಮಾನ್ಯವಾಗಿ ಆ ಓಟವೇ ಮೊದಲು ನಿಧಾನವಾಗುತ್ತದೆ. ಅರವತ್ತನೇ ನಿಮಿಷದ ನಂತರ ರಕ್ಷಣೆಯ ಎರಡು ಬದಿಗಳಲ್ಲಿ ಆಡುವ ಫುಲ್‌ಬ್ಯಾಕ್ ಆಟಗಾರರನ್ನು ಗಮನಿಸಿ. ಸ್ಕೋರ್‌ಬೋರ್ಡ್‌ಗಿಂತ ಮೊದಲು ಅವರ ಕಾಲುಗಳು ಸುದ್ದಿ ಹೇಳುತ್ತವೆ.

ಇನ್ನು ಜೆಟ್ ಲ್ಯಾಗ್. ರಿಯೊ ಮತ್ತು ದೋಹಾ ನಡುವೆ ಆರು ಗಂಟೆಗಳ ಅಂತರವಿದೆ, ಪಯಣ ಪೂರ್ವ ದಿಕ್ಕಿಗೆ. ನಮ್ಮ ದೇಹದೊಳಗಿನ ಗಡಿಯಾರದ ಸಹಜ ಸುತ್ತು ಇಪ್ಪತ್ತನಾಲ್ಕು ಗಂಟೆಗಿಂತ ತುಸು ಹೆಚ್ಚು. ಹೀಗಾಗಿ ತಡವಾಗಿ ಮಲಗುವುದು ಅದಕ್ಕೆ ಸಲೀಸು, ಬೇಗ ಮಲಗುವುದು ಕಷ್ಟ. ಪಶ್ಚಿಮಕ್ಕೆ ಹಾರಿದವನು ಬೇಗ ಚೇತರಿಸಿಕೊಳ್ಳುತ್ತಾನೆ, ಪೂರ್ವಕ್ಕೆ ಹಾರಿದವನು ಒದ್ದಾಡುತ್ತಾನೆ. ಒಂದು ಗಂಟೆಯ ಅಂತರಕ್ಕೆ ಒಂದು ದಿನ ಎಂಬುದು ನಾವು ಬಳಸುವ ಒರಟು ಲೆಕ್ಕ. ಆ ಪ್ರಕಾರ ಬೊಟಾಫೊಗೊಗೆ ಆರು ದಿನ ಬೇಕಿತ್ತು. ಒಂದು ಪಂದ್ಯದಿಂದ ಇನ್ನೊಂದಕ್ಕೆ ಅವರಿಗೆ ಸಿಕ್ಕಿದ್ದು ಮೂರು ದಿನ, ಅದರಲ್ಲೂ ಪಯಣ ಸೇರಿ. ಪಚೂಕಾಗೆ ಸಮಯದ ಅಂತರ ಇನ್ನೂ ಹೆಚ್ಚಿತ್ತು, ಒಂಬತ್ತು ಗಂಟೆ. ಆದರೆ ಆ ತಂಡ ತನ್ನ ದೇಶದ ಲೀಗ್‌ನಲ್ಲಿ ಕಳಪೆಯಾಗಿ ಆಡಿ ನವೆಂಬರ್‌ನಲ್ಲೇ ಬಿಡುವಾಗಿತ್ತು. ಸೋತದ್ದೇ ಅವರಿಗೆ ವರವಾಯಿತು ಎಂದರೆ ತಮಾಷೆಯೇನಲ್ಲ.

ಒಂದು ವರ್ಷದ ನಂತರ ಬ್ರೆಜಿಲ್‌ನ ಇನ್ನೊಂದು ಕ್ಲಬ್ ಫ್ಲಮೆಂಗೊ ಇದೇ ದಾರಿಯಲ್ಲಿ ಬಂತು. 2025ರ ನವೆಂಬರ್ 29ರಂದು ಲಿಮಾದಲ್ಲಿ ಲಿಬರ್ಟಡೋರೆಸ್ ಗೆದ್ದು, ಡಿಸೆಂಬರ್ ಮೊದಲ ವಾರದಲ್ಲಿ ಲೀಗ್ ಕೂಡ ಗೆದ್ದು ಕತಾರ್‌ಗೆ ಹೋಯಿತು. ಈ ಸಲ ವ್ಯತ್ಯಾಸವಿತ್ತು: ಲೀಗನ್ನು ಮುಂಚೆಯೇ ಖಚಿತಪಡಿಸಿಕೊಂಡಿದ್ದರಿಂದ ಕೊನೆಯ ಪಂದ್ಯದ ಒತ್ತಡವಿರಲಿಲ್ಲ. ಡಿಸೆಂಬರ್ 10 ಮತ್ತು 13ರ ಪಂದ್ಯಗಳನ್ನು ಕತಾರ್‌ನಲ್ಲೇ ಗೆದ್ದು, 17ರಂದು ಪ್ಯಾರಿಸ್ ಸೇಂಟ್ ಜರ್ಮೈನ್ ಎದುರು ಫೈನಲ್‌ಗೆ ಇಳಿಯುವ ಹೊತ್ತಿಗೆ ಆಟಗಾರರ ದೇಹ ಅಲ್ಲಿನ ಹಗಲು-ರಾತ್ರಿಗೆ ಒಗ್ಗಿತ್ತು. ಪಂದ್ಯ 1-1ರಲ್ಲಿ ನಿಂತು ಹೆಚ್ಚುವರಿ ಸಮಯಕ್ಕೆ ಹೋಯಿತು. ಪೆನಾಲ್ಟಿಯಲ್ಲಿ ಪ್ಯಾರಿಸ್‌ನ ಗೋಲ್‌ಕೀಪರ್ ಸಫೊನೊವ್ ನಾಲ್ಕು ಹೊಡೆತ ತಡೆದು 2-1ರಿಂದ ಗೆಲ್ಲಿಸಿದರು. ಫ್ಲಮೆಂಗೊದ ಐದು ಹೊಡೆತದಲ್ಲಿ ಒಂದೇ ಗೋಲು! 120 ನಿಮಿಷ ಓಡಿದ ಕಾಲಿನ ಹೊಡೆತಕ್ಕೆ ನಿಖರತೆ ಕುಗ್ಗುತ್ತದೆ ಎಂದು ನಾನು ಹೇಳಬಹುದು, ಆದರೆ ಸಫೊನೊವ್‌ಗೆ ಸಲ್ಲಬೇಕಾದ ಶ್ರೇಯಸ್ಸನ್ನು ಸ್ನಾಯುಗಳ ತಲೆಗೆ ಕಟ್ಟುವುದು ಅನ್ಯಾಯ.

ಇದೇ ಪ್ಯಾರಿಸ್ ತಂಡ ಅದಕ್ಕೆ ಆರು ತಿಂಗಳ ಮೊದಲು, ಜೂನ್ 19ರಂದು, ಅಮೆರಿಕದ ಪ್ಯಾಸಡೀನಾದಲ್ಲಿ ಕ್ಲಬ್ ವಿಶ್ವಕಪ್ ಪಂದ್ಯದಲ್ಲಿ ಬೊಟಾಫೊಗೊ ಎದುರು 0-1ರಿಂದ ಸೋತಿತ್ತು. ಹಿಂದಿನ ತಿಂಗಳಷ್ಟೇ ಇಂಟರ್ ಮಿಲಾನ್ ತಂಡವನ್ನು 5-0ರಿಂದ ಮಣಿಸಿ ಯುರೋಪಿನ ಚಾಂಪಿಯನ್ ಆಗಿದ್ದ ತಂಡವದು. ಬೊಟಾಫೊಗೊ ಆ ಹೊತ್ತಿಗೆ 2024ರಷ್ಟು ಬಲವಾಗಿಯೂ ಇರಲಿಲ್ಲ. ಅದರ ಮುಖ್ಯ ಆಟಗಾರರಾಗಿದ್ದ ಲೂಯಿಸ್ ಹೆನ್ರಿಕೆ, ಅಲ್ಮಾಡಾ ಇಬ್ಬರೂ ಬೇರೆ ಕ್ಲಬ್‌ಗೆ ಹೋಗಿದ್ದರು, ಕೋಚ್ ಕೂಡ ಬದಲಾಗಿದ್ದರು. ಬದಲಾಗಿದ್ದ ಮತ್ತೊಂದು ಸಂಗತಿ ತಿಂಗಳು. ಬ್ರೆಜಿಲ್‌ನ ಕ್ಲಬ್‌ಗಳು ಜನವರಿಯಲ್ಲಿ ರಾಜ್ಯ ಚಾಂಪಿಯನ್‌ಷಿಪ್‌ನಿಂದ ಶುರುಮಾಡಿ ಡಿಸೆಂಬರ್‌ನಲ್ಲಿ ಮುಗಿಸುತ್ತವೆ. ಯುರೋಪಿನ ಹಂಗಾಮು ಆಗಸ್ಟ್‌ನಿಂದ ಮೇವರೆಗೆ. ಜೂನ್‌ನಲ್ಲಿ ಬ್ರೆಜಿಲ್ ಆಟಗಾರ ಲಯ ಹಿಡಿದಿರುತ್ತಾನೆ, ಯುರೋಪಿನವನಿಗೆ ಮನೆ ನೆನಪಾಗುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಸ್ಥಿತಿ ತಿರುಗುಮುರುಗು. ನಾಲ್ಕು ದಿನ ಹಿಂದೆ ಅದೇ ಮೈದಾನದಲ್ಲಿ ಪ್ಯಾರಿಸ್ ಅಟ್ಲೆಟಿಕೊ ಮ್ಯಾಡ್ರಿಡ್ ಮೇಲೆ 4-0 ಗೆದ್ದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಗೆದ್ದಿತ್ತು ನಿಜ; ಅಟ್ಲೆಟಿಕೊ ಕೂಡ ಅಷ್ಟೇ ಉದ್ದದ ಹಂಗಾಮು ಮುಗಿಸಿ ಬಂದ ತಂಡ.

ನನ್ನ ಲೆಕ್ಕವನ್ನು ಅಣಕಿಸುವ ಪಂದ್ಯವೂ ಇದೆ. 1981ರ ಡಿಸೆಂಬರ್‌ನಲ್ಲಿ ಟೋಕಿಯೊದಲ್ಲಿ ಬ್ರೆಜಿಲ್‌ನ ತಾರೆ ಜಿಕೊ ಅವರ ಫ್ಲಮೆಂಗೊ, ಇಂಗ್ಲೆಂಡಿನ ಲಿವರ್‌ಪೂಲ್ ತಂಡವನ್ನು 3-0ರಿಂದ ಬಗ್ಗುಬಡಿಯಿತು, ಮೂರೂ ಗೋಲು ಮೊದಲಾರ್ಧದಲ್ಲೇ. ಹನ್ನೆರಡು ಗಂಟೆಗಳ ಅಂತರ ದಾಟಿ, ಅದಕ್ಕೆ ಒಂದು ವಾರ ಮೊದಲು ರಿಯೊ ರಾಜ್ಯದ ಕಿರೀಟವನ್ನೂ ಗೆದ್ದು ಬಂದಿತ್ತು! ಆ ಕಾಲದಲ್ಲಿ ಜಿಕೊ ಅಂಥವರು ತವರಿನ ಕ್ಲಬ್‌ನಲ್ಲೇ ಆಡುತ್ತಿದ್ದರು. 1960ರಿಂದ 2004ರವರೆಗಿನ ಹಳೆಯ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ದಕ್ಷಿಣ ಅಮೆರಿಕಕ್ಕೆ 22, ಯುರೋಪಿಗೆ 21 ಗೆಲುವು. 1995ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ಬೋಸ್‌ಮನ್ ತೀರ್ಪಿನ ನಂತರ ಯುರೋಪಿನ ಕ್ಲಬ್‌ಗಳಿಗೆ ಆಟಗಾರರನ್ನು ಕೊಳ್ಳಲು ಇದ್ದ ಅಡೆತಡೆ ಕಡಿಮೆಯಾಯಿತು. ಹಣವೂ ಅಲ್ಲೇ ಸೇರಿತು. 2012ರ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್‌ನ ಕೊರಿಂಥಿಯನ್ಸ್ ಚೆಲ್ಸಿಯನ್ನು 1-0ರಿಂದ ಸೋಲಿಸಿದ ಮೇಲೆ ವಿಶ್ವ ಚಾಂಪಿಯನ್ ಕಿರೀಟ 2025ರವರೆಗೂ ಯುರೋಪಿನಿಂದ ಹೊರಗೆ ಹೋಗಿರಲಿಲ್ಲ. ಹಣದಿಂದ ಪ್ರತಿಭೆ ಸಿಗುತ್ತದೆ ಎಂಬುದು ಎಲ್ಲರೂ ಹೇಳುವ ಮಾತು. ವಿಶ್ರಾಂತಿಯೂ ಸಿಗುತ್ತದೆ. ಬೆಂಚ್‌ನಲ್ಲಿ ಸರಿಸಮಾನರು ಐವರು ಕುಳಿತಿದ್ದರೆ ಮುಖ್ಯ ಆಟಗಾರನನ್ನು ವಾರದ ಮಧ್ಯೆ ಮನೆಯಲ್ಲೇ ಬಿಡಬಹುದು.

ಬೆಂಗಳೂರಿಗೂ ಇಂಥದ್ದೊಂದು ಸಂಜೆ ಸಿಕ್ಕಿತ್ತು. 2016ರಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಬೆಂಗಳೂರು ಎಫ್‌ಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಅಷ್ಟು ದೂರ ಹೋಗಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ವಾಯುಪಡೆಯ ಕ್ಲಬ್ 1-0ರಿಂದ ಗೆದ್ದಿತು. ಎರಡೂವರೆ ಗಂಟೆಯ ಅಂತರ, ಅದೂ ಪಶ್ಚಿಮಕ್ಕೆ. ಜೆಟ್ ಲ್ಯಾಗ್ ಪ್ರಶ್ನೆಯೇ ಇಲ್ಲ. ನಮ್ಮವರ ತೊಂದರೆ ಉಲ್ಟಾ: ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಏಪ್ರಿಲ್‌ನಲ್ಲೇ ಮುಗಿದಿತ್ತು. ಫೈನಲ್‌ಗೆ ಬೇಕಾದ ಕಾಲಿನ ಕಸುವು ಪಂದ್ಯಗಳಲ್ಲೇ ತಯಾರಾಗುತ್ತದೆ, ಅಭ್ಯಾಸದಲ್ಲಲ್ಲ. ಅಮಾನತಾಗಿದ್ದ ಗೋಲ್‌ಕೀಪರ್ ಅಮರಿಂದರ್ ಇದ್ದಿದ್ದರೆ ಎಂದು ಅಭಿಮಾನಿಗಳು ಈಗಲೂ ಹೇಳುತ್ತಾರೆ. ನಾನು ಆ ಏಪ್ರಿಲ್ ಬಗ್ಗೆ ಯೋಚಿಸುತ್ತೇನೆ.

ಇದೆಲ್ಲ ದೊಡ್ಡವರ ಸಮಾಚಾರ ಎಂದು ಕೈಬಿಡಬೇಡಿ. ಶನಿವಾರ ರಾತ್ರಿ ಎಚ್‌ಎಸ್‌ಆರ್ ಲೇಔಟ್‌ನ ಟರ್ಫ್‌ನಲ್ಲಿ ಆಡಿ, ಭಾನುವಾರ ಬೆಳಿಗ್ಗೆ ಮತ್ತೆ ಲೀಗ್ ಪಂದ್ಯಕ್ಕೆ ಇಳಿಯುವವರ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಸೋಮವಾರ ನನ್ನ ಮೇಜಿನ ಮೇಲಿರುತ್ತದೆ. ಏಳೇಳು ಮಂದಿ ಆಡುವ ಸೆವೆನ್ಸ್ ಟೂರ್ನಿಗೆಂದು ರಾತ್ರಿ ಬಸ್ಸಿನಲ್ಲಿ ಮಲಪ್ಪುರಂಗೆ ಹೋಗಿ ಅದೇ ಸಂಜೆ ಆಡುವ ತಂಡಗಳ ಮ್ಯಾನೇಜರುಗಳಿಗೆ ನಾನು ಹೇಳುವುದಿಷ್ಟೇ: ಒಂದು ದಿನ ಮೊದಲೇ ಹೊರಡಿ, ತಲುಪಿದ ಸಂಜೆ ಅರ್ಧ ಗಂಟೆ ಹಗುರವಾಗಿ ಓಡಿಸಿ, ಅನ್ನ ಹೊಟ್ಟೆ ತುಂಬ ಬಡಿಸಿ, ಮಲಗಿಸಿ. ಅವರು ತಲೆಯಾಡಿಸುತ್ತಾರೆ, ಮರುಕ್ಷಣವೇ ಹನ್ನೆರಡು ಮಂದಿಗೆ ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಎಷ್ಟಾಗುತ್ತದೆ ಎಂದು ಮೊಬೈಲ್‌ನಲ್ಲಿ ಲೆಕ್ಕ ಹಾಕತೊಡಗುತ್ತಾರೆ.