ವೈರ್ ಜಾಸ್ತಿ ಆಯ್ತಾ? ಕ್ಲಸ್ಟರ್ ಮಾಡಿ

ಲ್ಯಾಬ್‌ವ್ಯೂ ಅನ್ನುವ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ ಬರೆಯುವುದಿಲ್ಲ, ಚಿತ್ರದ ಹಾಗೆ ಬಿಡಿಸುತ್ತಾರೆ. ಅಮೆರಿಕದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ 1986ರಲ್ಲಿ ಇದನ್ನು ಮ್ಯಾಕಿಂಟಾಷ್‌ಗೆಂದು ಹೊರತಂದಿತು. ಡೇಟಾ ಹರಿಯುವುದು ವೈರ್‌ಗಳಲ್ಲಿ, ಅಂದರೆ ಸ್ಕ್ರೀನ್ ಮೇಲೆ ಎಳೆಯುವ ಗೆರೆಗಳಲ್ಲಿ. ಡೇಟಾದ ಬಗೆಗೆ ತಕ್ಕಂತೆ ಬಣ್ಣ: ದಶಮಾಂಶ ಸಂಖ್ಯೆಗೆ ಕಿತ್ತಳೆ, ಪೂರ್ಣಾಂಕಕ್ಕೆ ನೀಲಿ, ಬೂಲಿಯನ್‌ಗೆ (ಹೌದು/ಅಲ್ಲ) ಹಸಿರು, ಸ್ಟ್ರಿಂಗ್‌ಗೆ (ಅಕ್ಷರಗಳ ಪಠ್ಯ) ಗುಲಾಬಿ. ನೋಡೋಕೆ ಚೆಂದವೇ. ಆದರೆ ಒಂದೊಂದು ಮೌಲ್ಯಕ್ಕೂ ಒಂದೊಂದು ವೈರ್ ಎಳೆಯುತ್ತಾ ಹೋದರೆ ಸ್ವಲ್ಪ ಹೊತ್ತಿಗೇ ಸ್ಕ್ರೀನ್ ತುಂಬಾ ಗೋಜಲು, ಯಾವುದು ಎಲ್ಲಿಂದ ಬಂತು ಅಂತ ಹುಡುಕುವುದೇ ಕೆಲಸ.

ಇದಕ್ಕೆ ಮದ್ದು ಕ್ಲಸ್ಟರ್. ಸಿ ಭಾಷೆ ಗೊತ್ತಿದ್ದವರಿಗೆ ಸ್ಟ್ರಕ್ಟ್ ಅಂದರೆ ಸಾಕು. ಬೇರೆ ಬೇರೆ ಬಗೆಯ ಡೇಟಾ ಸೇರಿಸಿ ಒಂದೇ ವೈರ್‌ನಲ್ಲಿ ಕಳಿಸಬಹುದು. ತಪ್ಪಿನ ಮಾಹಿತಿ ಸಾಗಿಸುವ ಎರರ್ ವೈರ್ ಬಳಸಿದ್ದೀರಲ್ವಾ? ಅದೂ ಕ್ಲಸ್ಟರೇ: ಸ್ಟೇಟಸ್, ಕೋಡ್, ಸೋರ್ಸ್ ಮೂರೂ ಅದರೊಳಗಿವೆ.

ಕ್ಲಸ್ಟರ್ ಒಳಗೆ ಇನ್ನೊಂದು ಕ್ಲಸ್ಟರ್ ಇಡಬಹುದು ಅನ್ನುವುದೇ ನಿಜವಾದ ಮಜಾ. ತಾಪಮಾನ ಅಳೆಯುವ ಒಂದು ಚಾನೆಲ್ (ಅಳತೆ ಬರುವ ಒಂದು ದಾರಿ) ತೆಗೆದುಕೊಳ್ಳಿ. ಅದಕ್ಕೊಂದು ಹೆಸರು, ಒಂದು ಯೂನಿಟ್, ಜೊತೆಗೆ ‘ಮಿತಿ’ ಅನ್ನುವ ಪುಟ್ಟ ಕ್ಲಸ್ಟರ್. ಮಿತಿಯೊಳಗೆ ಕನಿಷ್ಠ, ಗರಿಷ್ಠ. ಇಂಥ ಚಾನೆಲ್‌ಗಳ ಒಂದು ಅರೇ (ಒಂದೇ ಬಗೆಯವುಗಳ ಪಟ್ಟಿ) ಮಾಡಿ ‘ಪರೀಕ್ಷೆ’ ಅನ್ನುವ ದೊಡ್ಡ ಕ್ಲಸ್ಟರ್‌ಗೆ ಹಾಕಿದರೆ ಇಡೀ ಸೆಟ್ಟಿಂಗ್ ಒಂದೇ ವೈರ್‌ನಲ್ಲಿ ಹೋಗುತ್ತದೆ.

ಇಲ್ಲೊಂದು ಅಪಾಯ ಇದೆ, ನೋಡಿಕೊಳ್ಳಿ. ಕ್ಲಸ್ಟರ್‌ನಲ್ಲಿ ಅಂಶಗಳ ಕ್ರಮ ಅವು ಪೆಟ್ಟಿಗೆಯಲ್ಲಿ ಕಾಣುವ ಜಾಗದ ಮೇಲೆ ನಿಲ್ಲುವುದಿಲ್ಲ, ಯಾವುದನ್ನು ಮೊದಲು ಹಾಕಿದಿರಿ ಅನ್ನುವುದರ ಮೇಲೆ ನಿಲ್ಲುತ್ತದೆ. ಬಿಡಿ ಮೌಲ್ಯಗಳನ್ನು ಕ್ಲಸ್ಟರ್‌ಗೆ ಸೇರಿಸುವ ‘ಬಂಡಲ್’ ಅನ್ನು ಸುಮ್ನೆ ಬಳಸಿದಾಗ ಕ್ರಮ ಅದಲುಬದಲಾದರೆ ಕನಿಷ್ಠದ ಜಾಗಕ್ಕೆ ಗರಿಷ್ಠ ಹೋಗಿ ಕೂರುತ್ತದೆ. ಎರಡೂ ಕಿತ್ತಳೆ ವೈರ್, ಹಾಗಾಗಿ ಡೇಟಾದ ಬಗೆ ಹೊಂದದಿದ್ದಾಗ ಕಾಣುವ ಮುರಿದ ವೈರ್ ಇಲ್ಲಿ ಎಲ್ಲೂ ಕಾಣುವುದಿಲ್ಲ, ಪ್ರೋಗ್ರಾಂ ಆರಾಮಾಗಿ ಓಡುತ್ತದೆ, ಉತ್ತರ ಮಾತ್ರ ತಪ್ಪು. ಬಂಡಲ್ ಬೈ ನೇಮ್ ಬಳಸಿದರೆ ‘ಮಿತಿ.ಗರಿಷ್ಠ’ ಅಂತ ಚುಕ್ಕಿ ಹಾಕಿಕೊಂಡು ಹೆಸರೇ ಕಾಣುತ್ತದೆ. ನಾನಂತೂ ಬೇರೇನನ್ನೂ ಮುಟ್ಟುವುದಿಲ್ಲ.

ಪ್ರತಿ ಹಂತದ ಕ್ಲಸ್ಟರನ್ನೂ ಟೈಪ್ ಡೆಫ್ (ಅದರ ರೂಪವನ್ನು ಬೇರೆ ಫೈಲ್‌ನಲ್ಲಿ ಉಳಿಸುವುದು) ಮಾಡಿಡಿ. ನಾಳೆ ಮಿತಿಗೆ ‘ಎಚ್ಚರಿಕೆ ಮಟ್ಟ’ ಸೇರಿಸಬೇಕಾದರೆ ಆ ಒಂದು ಫೈಲ್ ತಿದ್ದಿದರೆ ಸಾಕು, ಬಳಸಿದ ಕಡೆಯೆಲ್ಲ ತಾನಾಗಿ ಬದಲಾಗುತ್ತದೆ. ಹಾಗಂತ ಸಿಕ್ಕಿದ್ದನ್ನೆಲ್ಲ ತುರುಕಬೇಡಿ. ಮಿತಿ ಮಾತ್ರ ಬೇಕಾದ ಸಬ್‌ವಿಐಗೆ (ಪ್ರೋಗ್ರಾಂ ಒಳಗಿನ ಉಪಪ್ರೋಗ್ರಾಂ) ಇಡೀ ‘ಪರೀಕ್ಷೆ’ ಕ್ಲಸ್ಟರ್ ಕೊಟ್ಟರೆ, ಅದು ಏನನ್ನು ಓದುತ್ತೆ, ಏನನ್ನು ಬದಲಾಯಿಸುತ್ತೆ ಅಂತ ಒಳಗೆ ತೆರೆದು ನೋಡದೆ ಗೊತ್ತಾಗಲ್ಲ.

ಇನ್ನೊಂದು ಉಪಯೋಗ. ಲ್ಯಾಬ್‌ವ್ಯೂ ಅರೇ ಒಳಗೆ ನೇರವಾಗಿ ಅರೇ ಇಡಲು ಬಿಡುವುದಿಲ್ಲ, 2ಡಿ ಅರೇಯಲ್ಲಾದರೆ ಸಾಲುಗಳೆಲ್ಲ ಒಂದೇ ಉದ್ದ ಇರಲೇಬೇಕು. ಒಂದು ಚಾನೆಲ್‌ಗೆ 100 ರೀಡಿಂಗ್, ಇನ್ನೊಂದಕ್ಕೆ 1000 ಇದ್ದರೆ? ಪ್ರತಿ ಅರೇಯನ್ನೂ ಒಂದು ಕ್ಲಸ್ಟರ್‌ನೊಳಗೆ ಹಾಕಿ, ಆ ಕ್ಲಸ್ಟರ್‌ಗಳ ಅರೇ ಮಾಡಿ.