ಅವತ್ತೇ ಬರೆದ ನಾಲ್ಕು ಸಾಲು

ಆಕೆ ನರ್ಸ್, ಕೆಲಸದಲ್ಲಿ ಭೇದಭಾವ ಎಂಬ ದೂರು ಹೊತ್ತು ಬಂದವರು. ನನ್ನ ಮೇಜಿನ ಮೇಲೆ ಇಟ್ಟದ್ದು ಅಂಗೈಯಗಲದ ಡೈರಿ. ಒಂದು ಪುಟದಲ್ಲಿ ಹೀಗಿತ್ತು: ‘ಮಂಗಳವಾರ. ಮತ್ತೆ ನೈಟ್ ಡ್ಯೂಟಿ. ಬದಲಾಯಿಸಿ ಅಂದೆ, ಆಗಲ್ಲ ಅಂದರು. ನನ್ನ ಹಿಂದೆಯೇ ಹೋದವಳಿಗೆ ಬದಲಾಯಿಸಿ ಕೊಟ್ಟರು.’ ಡೈರಿಯ ಪಕ್ಕದಲ್ಲಿ ವಾರ್ಡಿನ ಡ್ಯೂಟಿ ಪಟ್ಟಿ ಇಟ್ಟು ತಾರೀಕು ತಾಳೆ ನೋಡಿದೆ. ಸರಿಯಾಗಿ ಹೊಂದಿತು. ಆ ಸಂಜೆ ನನಗೆ ನಿಜವಾಗಿ ಧೈರ್ಯ ಬಂತು.

ನಾನು ಲಂಡನ್‌ನಲ್ಲಿ ಬ್ಯಾರಿಸ್ಟರ್. ಉದ್ಯೋಗ, ಭೇದಭಾವ, ಆಸ್ಪತ್ರೆಯ ನಿರ್ಲಕ್ಷ್ಯ, ಈ ಮೂರರ ಕೇಸುಗಳೇ ಜಾಸ್ತಿ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ಜನಾಂಗ, ಲಿಂಗ, ಧರ್ಮ, ವಯಸ್ಸು, ಅಂಗವೈಕಲ್ಯ ಸೇರಿ ಒಂಬತ್ತು ವಿಷಯಗಳಲ್ಲಿ ರಕ್ಷಣೆ ಕೊಡುತ್ತದೆ. ಆದರೆ ‘ನಿನ್ನ ಬಣ್ಣ ನೋಡಿ ಕೊಡಲಿಲ್ಲ’ ಎಂದು ಯಾರೂ ಬರೆದುಕೊಡುವುದಿಲ್ಲ, ಅಲ್ವಾ? ಅದಕ್ಕೇ 136ನೇ ಸೆಕ್ಷನ್ ಇದೆ. ಇದು ಭೇದಭಾವ ಇರಬಹುದು ಎನ್ನುವಷ್ಟು ಸಂಗತಿಯನ್ನು ಕೆಲಸಗಾರರು ಮುಂದಿಟ್ಟರೆ, ಅಲ್ಲ ಎಂದು ಸಾಬೀತು ಮಾಡುವ ಭಾರ ಸಂಸ್ಥೆಯ ಮೇಲೆ ಬೀಳುತ್ತದೆ. ಆ ‘ಅಷ್ಟು ಸಂಗತಿ’ ಸುಮ್ನೆ ನೆನಪಿನಿಂದ ಬರುವುದು ಕಷ್ಟ.

ಆಸ್ಪತ್ರೆ ಕೇಸುಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಮಾಂಟ್ಗೊಮರಿ ತೀರ್ಪನ್ನು. ಸ್ಕಾಟ್ಲೆಂಡಿನ ನಡೀನ್ ಮಾಂಟ್ಗೊಮರಿ ಸಕ್ಕರೆ ಕಾಯಿಲೆಯಿದ್ದ, ಕುಳ್ಳಗಿನ ಗರ್ಭಿಣಿ. ಮಗು ದೊಡ್ಡದಿದೆ, ಹೆರಿಗೆ ಆಗುತ್ತಾ ಎಂದು ವೈದ್ಯೆಯ ಹತ್ತಿರ ಆತಂಕ ಹೇಳಿಕೊಂಡಿದ್ದರು. ಅಂಥವರಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ನೂರಕ್ಕೆ ಒಂಬತ್ತು–ಹತ್ತು. ವೈದ್ಯೆ ಅದನ್ನು ಹೇಳಲಿಲ್ಲ. ಹೇಳಿದರೆ ಎಲ್ಲರೂ ಸಿಸೇರಿಯನ್ ಕೇಳುತ್ತಾರೆ ಎನ್ನುವುದು ಅವರ ಯೋಚನೆ. 1999ರಲ್ಲಿ ಹೆರಿಗೆಯ ಹೊತ್ತಿಗೆ ಭುಜ ಸಿಕ್ಕಿಕೊಂಡಿತು. ತಲೆ ಹೊರಬಂದ ಮೇಲೆ ಮಗುವನ್ನು ಪೂರ್ತಿ ಹೊರತೆಗೆಯಲು 12 ನಿಮಿಷ ಹಿಡಿಯಿತು. ಮಗುವಿನ ಮಿದುಳಿಗೆ ಪೆಟ್ಟಾಯಿತು.

ಅಲ್ಲಿಯವರೆಗೆ 1957ರ ಬೋಲಮ್ ಕೇಸಿನ ಅಳತೆಗೋಲು ನಡೆಯುತ್ತಿತ್ತು: ಇತರ ಜವಾಬ್ದಾರಿಯುತ ವೈದ್ಯರೂ ಹಾಗೇ ಮಾಡುತ್ತಿದ್ದರೆ ತಪ್ಪಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಅದು ಇವತ್ತಿಗೂ ಇದೆ. ಅಪಾಯ ತಿಳಿಸುವ ವಿಷಯದಲ್ಲಿ ಮಾತ್ರ 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ಈ ರೋಗಿಯ ಜಾಗದಲ್ಲಿರುವ ಮನುಷ್ಯರಿಗೆ ಯಾವುದು ಮುಖ್ಯವೋ ಅದನ್ನು ಹೇಳಲೇಬೇಕು. ಅರ್ಥವಾಗದ ಮಾತು ಸುರಿದು ಫಾರಂಗೆ ಸಹಿ ಹಾಕಿಸಿದರೆ ಸಾಲದು. ಆ ತಾಯಿಗೆ ಹದಿನೈದು ವರ್ಷ ಕಾದ ಮೇಲೆ ನ್ಯಾಯ ಸಿಕ್ಕಿತು. ಓದುವಾಗಲೆಲ್ಲ ಈ ಕಾಯುವಿಕೆಯೇ ನನ್ನನ್ನು ಕಾಡುತ್ತದೆ.

ಸಾಲಿನಲ್ಲಿ ನಿಂತ ಟ್ಯಾಕ್ಸಿ ಬಂದವರನ್ನು ಹತ್ತಿಸಿಕೊಳ್ಳಲೇಬೇಕು ಎನ್ನುವಂಥ ಒಂದು ನಿಯಮ ನಮ್ಮ ಬ್ಯಾರಿಸ್ಟರ್‌ಗಳಿಗಿದೆ. ನಮ್ಮ ಕ್ಷೇತ್ರದ ಕೇಸು ಬಂದರೆ, ಕಕ್ಷಿದಾರರು ಹಿಡಿಸಲಿಲ್ಲ ಎಂದು ಬಿಡುವಂತಿಲ್ಲ. ಈ ವಾರ ರೋಗಿಯ ಪರ, ಮುಂದಿನ ವಾರ ಆಸ್ಪತ್ರೆಯ ಪರ ನಿಂತದ್ದಿದೆ. ಎರಡೂ ಕಡೆ ನಾನು ಮೊದಲು ತೆಗೆಯುವುದು ಅವತ್ತಿನ ಕೇಸ್ ಶೀಟ್.

ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡದ ವೈದ್ಯರು ಇದ್ದಾರೆ. ಕೆಲವರು ಫೋನ್ ಮಾಡಿ ‘ಏನು ಬರೆದಿಡಬೇಕು ಮೇಡಂ?’ ಎಂದು ಕೇಳುತ್ತಾರೆ. ‘ಅಪಾಯ ವಿವರಿಸಲಾಗಿದೆ’ ಎಂದು ಒಂದೇ ಸಾಲು ಬೇಡ ಎನ್ನುತ್ತೇನೆ. ಯಾವ ಅಪಾಯ ಹೇಳಿದಿರಿ, ಬೇರೆ ಯಾವ ದಾರಿ ತೋರಿಸಿದಿರಿ, ರೋಗಿ ಏನು ಕೇಳಿದರು, ಬರೆಯಿರಿ. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆಯಿರಿ.